ಸಾವಂತ್ರವ್ವನ ಹೆಸರಿನ ಶೀಸೆ

ಬೆಕ್ಕಿನ ಉಚ್ಚೆಯನ್ನು ಶೀಸೆಯಲ್ಲಿ ತುಂಬಿ, ತಂಗಿಯದು ಎಂದು ಹೇಳಿ ಡಾಕ್ಟರರ ಕೈಗೆ ಕೊಟ್ಟು ಬಂದವನು ನಾನು. ಯಾರೂ ಹೇಳಿಕೊಟ್ಟದ್ದಲ್ಲ. ಐವತ್ತೊಂಬತ್ತನೆಯ ಇಸವಿ, ದೀಪಾವಳಿ ಕಳೆದು ಎರಡು ವಾರವಾಗಿತ್ತು. ನನಗೆ ಆಗ ನಲವತ್ತೆಂಟು ವರ್ಷ. ಬುದ್ಧಿ ಬಲಿತಿರಲಿಲ್ಲ ಎನ್ನಲು ಬರುವುದಿಲ್ಲ.

ಆಡೂರಿನಲ್ಲಿ ನಮ್ಮದು ಭತ್ತದ ಬೇಸಾಯ. ಮದುವೆಯಾದ ಮೂರೇ ವರ್ಷಕ್ಕೆ ನನ್ನ ಹೆಂಡತಿ ತೀರಿಕೊಂಡಳು. ಆಮೇಲೆ ನನ್ನ ಸಿಟ್ಟಿನ ಸುದ್ದಿ ಕೇಳಿ ಯಾರೂ ಹೆಣ್ಣು ಕೊಡಲಿಲ್ಲ. ತಂಗಿ ಸಾವಂತ್ರವ್ವ ಗಂಡ ಸತ್ತ ಮೇಲೆ ಮಗಳು ಶಾರವ್ವನನ್ನು ಕರೆದುಕೊಂಡು ನನ್ನ ಮನೆಗೆ ಬಂದು ಇದ್ದಳು. ಮನೆಯಲ್ಲಿ ನಾವು ಮೂವರು, ಜೊತೆಗೆ ಬೂದ್ಯಾ.

ಬೂದ್ಯಾ ಬೂದಿ ಬಣ್ಣದ ಗಂಡುಬೆಕ್ಕು. ಹದಿಮೂರು ವರ್ಷ ನನ್ನ ಬೀಜದ ಭತ್ತ ಕಾದವನು. ಇಲಿ ಮುಟ್ಟದ ಕಾಳು ಎಂದು ಊರಿನ ಅರ್ಧ ಮಂದಿ ಬಿತ್ತಲು ನನ್ನ ಮನೆಯ ಬೀಜವನ್ನೇ ಒಯ್ಯುತ್ತಿದ್ದರು. ಮಂದಿ ನನ್ನನ್ನು ಹೊಗಳುತ್ತಿದ್ದರು, ಕೆಲಸ ಅವನದು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಎತ್ತಿನ ಬಾನಿಗೆ ಬಾಯಿ ಹಾಕಿ ನೀರು ಕುಡಿಯತೊಡಗಿದ. ಬೆಕ್ಕು ಅಷ್ಟು ನೀರು ಕುಡಿಯುವುದನ್ನು ನಾನು ಎಂದೂ ಕಂಡಿರಲಿಲ್ಲ. ಹಾಕಿದ್ದೆಲ್ಲ ತಿನ್ನುತ್ತಿದ್ದ, ಆದರೂ ಬೆನ್ನ ಮೇಲೆ ಕೈ ಆಡಿಸಿದರೆ ಎಲುಬು ಹತ್ತುತ್ತಿತ್ತು. ಸೊರಗಿದನೆಂದು ನಾನು ಹಾಲಿಗೆ ಬೆಲ್ಲ ಕರಗಿಸಿ, ಅನ್ನ ಹಿಚುಕಿ ಹಾಕಿದೆ. ಇನ್ನೂ ಸೊರಗಿದ. ಇನ್ನೂ ಬೆಲ್ಲ ಹಾಕಿದೆ. ಹೊರಗೆ ಹೋಗುವ ಶಕ್ತಿ ಇಲ್ಲದೆ ಬಚ್ಚಲದ ಕಲ್ಲಿನ ಮೇಲೆಯೇ ಉಚ್ಚೆ ಹೊಯ್ಯತೊಡಗಿದ. ಹೊಯ್ದ ಸ್ವಲ್ಪ ಹೊತ್ತಿಗೆ ಅಲ್ಲಿ ಇರುವೆಯ ಸಾಲು ಹತ್ತುತ್ತಿತ್ತು. ಉಚ್ಚೆಗೆ ಇರುವೆ ಬಂದರೆ ಸಿಹಿಮೂತ್ರ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೆ. ಅದು ಮನುಷ್ಯರಿಗೆ ಬರುವ ಬೇನೆ ಎಂದು ತಿಳಿದಿದ್ದೆ.

ನನಗೆ ಚಿಂತೆ ಬಂದರೆ ಅದು ಬಾಯಿಂದ ಸಿಟ್ಟಾಗಿ ಹೊರಬೀಳುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಂಗಿಗೆ ಬೈದೆ, ಬಾಗಿಲು ತೆರೆದಿಟ್ಟಳೆಂದು ಶಾರವ್ವನಿಗೆ ಬೈದೆ. ಹೊಲದಲ್ಲಿ ಕೊಯ್ಲಿನ ಆಳುಗಳನ್ನು ಬಿಟ್ಟು, ಕುಡಗೋಲು ಮರೆತೆನೆಂದು ಸುಳ್ಳು ಹೇಳಿ ಮನೆಗೆ ಬಂದು ಬೂದ್ಯಾ ಉಸಿರಾಡುತ್ತಾನೋ ಇಲ್ಲವೋ ನೋಡಿ ಹೋಗುತ್ತಿದ್ದೆ. ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ. ಹೇಳುವ ಮುಖ ನನಗಿರಲಿಲ್ಲ. ಹಿಂದಿನ ವರ್ಷ ನೀಲಪ್ಪನ ನಾಯಿ ಸತ್ತು ಅವನು ಕಟ್ಟೆಯ ಮೇಲೆ ಕುಳಿತು ಅತ್ತಾಗ, ಸೀರೆ ಉಟ್ಟುಕೊಂಡು ಅಳು ಎಂದು ಹತ್ತು ಮಂದಿಯ ಮುಂದೆ ಅಂದವನು ನಾನೇ. ದನದ ಡಾಕ್ಟರರ ಬಳಿ ಬೆಕ್ಕು ಒಯ್ದರೆ ಊರೆಲ್ಲ ನಗುತ್ತದೆ ಎಂದು ಅತ್ತ ಹೋಗಲಿಲ್ಲ.

ಹಾನಗಲ್ಲಿನಲ್ಲಿ ಮನೆಯ ಪಡಸಾಲೆಯಲ್ಲೇ ದವಾಖಾನೆ ಇಟ್ಟಿದ್ದ ಒಬ್ಬ ಡಾಕ್ಟರರಿದ್ದರು. ಆಗ ನಮ್ಮ ಕಡೆಯ ಹೆಂಗಸರು ದವಾಖಾನೆಯ ಮೆಟ್ಟಿಲು ಹತ್ತುವುದು ಕಡಿಮೆ. ಮನೆಯ ಗಂಡಸು ಹೋಗಿ ಅವರ ಬೇನೆ ಹೇಳುತ್ತಿದ್ದ, ಶೀಸೆಯಲ್ಲಿ ಉಚ್ಚೆ ಒಯ್ಯುತ್ತಿದ್ದ, ಔಷಧ ತರುತ್ತಿದ್ದ. ಈ ರೂಢಿಯೇ ನನಗೆ ಅನುಕೂಲವಾಗಿ ಕಂಡಿತು. ಕಾಳಿನ ಕೋಣೆಯಲ್ಲಿ ಬೂದ್ಯಾನನ್ನು ಕೂಡಿಹಾಕಿ, ನೆಲಕ್ಕೆ ತಗಡು ಹಾಸಿ ಕಾದು ಕುಳಿತೆ. ಎಣ್ಣೆಯ ಶೀಸೆಯೊಂದನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದು ತುಂಬಿಕೊಂಡೆ.

ಹಾನಗಲ್ಲಿನ ದವಾಖಾನೆಯ ಮುಂದಿನ ಕಟ್ಟೆಯ ಮೇಲೆ ಮಂದಿ ತುಂಬಿದ್ದರು. ಕಂಪೌಂಡರ್ ದ್ಯಾಮಪ್ಪ ಶೀಸೆ ಇಸಿದುಕೊಂಡು ಇದು ಯಾರದು ಎಂದು ಕೇಳಿದ. ನನ್ನದು ಎಂದರೆ ಮಲಗಿಸಿ ನಾಡಿ ಹಿಡಿಯುತ್ತಾರೆ, ಸುಳ್ಳು ಬಯಲಾಗುತ್ತದೆ. ತಂಗಿಯದು, ಆಡೂರು ಸಾವಂತ್ರವ್ವ ಎಂದು ಹೇಳಿದೆ. ಅವನು ಆ ಹೆಸರನ್ನು ಚೀಟಿಯಲ್ಲಿ ಬರೆದು ಶೀಸೆಗೆ ಅಂಟಿಸಿದ. ಡಾಕ್ಟರರು ಗಾಜಿನ ನಳಿಗೆಯಲ್ಲಿ ನೀಲಿ ನೀರು ಹಾಕಿ, ಶೀಸೆಯಿಂದ ನಾಲ್ಕು ಹನಿ ಬಿಟ್ಟು ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕಡೆಗೆ ಇಟ್ಟಿಗೆಯ ಬಣ್ಣಕ್ಕೆ ನಿಂತಿತು.

"ನಿಮ್ಮ ತಂಗಿಗೆ ಸಿಹಿಮೂತ್ರ ಐತ್ರಿ, ಜೋರ ಐತಿ," ಎಂದರು. "ಹುಬ್ಬಳ್ಳಿಯಿಂದ ಔಷಧ ತರಸ್ತೇನಿ. ಸೂಜಿ ಮಾಡಬೇಕು, ಆಕಿನ್ನ ಕರಕೊಂಡ ಬರ್ರಿ."

"ಆಕಿ ಸೂಜಿಗೆ ಹೆದರ್ತಾಳ್ರಿ."

"ಹೆದರಿ ಕುಂತ್ರ ಸಾಯ್ತಾಳ್ರಿ."

ಬಾಗಿಲು ತೆರೆದಿತ್ತು. ಹೊರಗಿನವರ ಕಿವಿಗೆ ಎಲ್ಲ ಬಿದ್ದಿತು. ನನಗೆ ಅದರ ಎಚ್ಚರವೇ ಇರಲಿಲ್ಲ. ಸಾಯ್ತಾಳೆ ಎಂದು ಅವರು ಅಂದದ್ದು ನನಗೆ ಬೂದ್ಯಾ ಸಾಯುತ್ತಾನೆ ಎಂದೇ ಕೇಳಿಸಿತು. ಬೆಲ್ಲ, ಸಕ್ಕರೆ, ಅನ್ನ ಬಿಡಬೇಕು, ಮಜ್ಜಿಗೆ, ಮೆಂತ್ಯದ ಸೊಪ್ಪು, ಹಾಗಲಕಾಯಿ ತಿನ್ನಬೇಕು ಎಂದು ಬರೆದುಕೊಟ್ಟರು. ಬಸ್ಸಿನಲ್ಲಿ ಆ ಚೀಟಿ ಓದುತ್ತಾ ಬಂದೆ. ಇಷ್ಟು ದಿನ ನಾನೇ ಕೈಯಾರೆ ಬೆಲ್ಲ ಉಣಿಸಿದ್ದೆ.

ಮನೆಗೆ ಬಂದವನೇ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಎತ್ತಿಟ್ಟೆ, ಶಾರವ್ವ ರೂಢಿಯಂತೆ ಅವನ ಹಾಲಿಗೆ ಹಾಕಿಬಿಟ್ಟಾಳೆಂದು. ಯಾಕೆ ಎಂದು ಕೇಳಿದ ತಂಗಿಗೆ ಗದರಿದೆ. ಬೂದ್ಯಾ ಮಜ್ಜಿಗೆ ನೆಕ್ಕಿದ. ಹಾಗಲಕಾಯಿಯ ರಸ ಹಾಕಲು ಹೋದಾಗ ನನ್ನ ಅಂಗೈ ಪರಚಿದ. ಪರಚುವಷ್ಟು ಶಕ್ತಿ ಉಳಿದಿದೆಯಲ್ಲ ಎಂದು ಸಂತೋಷಪಟ್ಟೆ. ಸಾವಂತ್ರವ್ವ ಆ ದಿನಗಳಲ್ಲಿ ಸುಮ್ಮನಾಗಿದ್ದಳು, ಊಟ ಬಿಟ್ಟು ಏಳುತ್ತಿದ್ದಳು. ನಾನು ಕಂಡೆ, ಆದರೆ ಕೇಳಲಿಲ್ಲ. ನನ್ನ ಗಮನವೆಲ್ಲ ಬೆಕ್ಕಿನ ಮೇಲಿತ್ತು.

ಒಂಬತ್ತನೆಯ ದಿನ ಮಾಸೂರಿನಿಂದ ಉಳಿವೆಪ್ಪನೂ ಅವನ ಹೆಂಡತಿ ಉಡಚವ್ವನೂ ಬಂದರು. ಅವರ ಮಗನಿಗೆ ಶಾರವ್ವನನ್ನು ಕೊಡುವುದೆಂದು ಮಾತಾಗಿತ್ತು, ಮುಂದಿನ ಸೋಮವಾರ ನಿಶ್ಚಯದ ವೀಳ್ಯ. ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಪದ್ಧತಿ. ಸಾವಂತ್ರವ್ವ ಬರೀ ನೀರಿನ ತಂಬಿಗೆ ತಂದಿಟ್ಟಳು. ಉಡಚವ್ವ ಗಂಡನ ಮುಖ ನೋಡಿದಳು.

"ಕರಬಸಪ್ಪ, ಮುಚ್ಚಿಟ್ಟು ಮಾತಾಡೋದು ನನಗ ಬರಂಗಿಲ್ಲ," ಎಂದ ಉಳಿವೆಪ್ಪ. "ನಿಮ್ಮ ತಂಗಿಗೆ ಸಿಹಿಮೂತ್ರ ಐತಂತ. ತಾಯಿಗಿದ್ದದ್ದು ಮಗಳಿಗೆ ಬರ್ತೇತಿ ಅಂತಾರ. ನಮಗಿರಾಂವ ಒಬ್ಬ ಮಗ."

ಯಾರು ಹೇಳಿದರು ಎಂದು ನಾನು ಒದರಿದೆ. ಅವನು ದನಿ ಏರಿಸಲಿಲ್ಲ. ತಮ್ಮೂರಿನವನೊಬ್ಬ ಅಂದು ಹಾನಗಲ್ಲಿನ ಕಟ್ಟೆಯ ಮೇಲೆ ಕುಳಿತಿದ್ದ, ಡಾಕ್ಟರರ ಬಾಯಿಂದಲೇ ಕೇಳಿ ಬಂದಿದ್ದಾನೆ ಎಂದ. ಆಗಲೇ ನಾನು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹೆಣ್ಣು ಬೇಡವಾಗಿದ್ದರೆ ಎದ್ದು ನಡೆಯಿರಿ ಎಂದೆ. ಸಿಕ್ಕಿಬಿದ್ದವನು ಬೆದರಿಸುವ ರೀತಿ ಅದು. ಉಳಿವೆಪ್ಪ ರುಮಾಲು ಸರಿ ಮಾಡಿಕೊಂಡು ಏಳತೊಡಗಿದ.

ಆಗ ಬಾಗಿಲ ಮರೆಯಿಂದ ತಂಗಿ ಮಾತಾಡಿದಳು.

"ಯಣ್ಣಾ, ಬೈಬ್ಯಾಡ. ನನಗ ಎಲ್ಲಾ ಗೊತ್ತಾಗೇತಿ. ಭಾವಿ ಕಡೆ ಹೆಂಗಸರು ಮೊನ್ನೆನ ಹೇಳಿದ್ರು. ಬಚ್ಚಲಕ್ಕ ಇರಿವಿ ಬಂದದ್ದು ನಾನೂ ನೋಡೇನಿ. ಅದನ್ನ ಕಂಡ ನೀ ನನಗ ತಿಳೀದಂಗ ಶೀಸೆ ತುಂಬಿ ಒಯ್ದಿ. ನೀ ಬೆಲ್ಲ ಮುಚ್ಚಿಟ್ಟದ್ದು ಅದಕ್ಕ ಅಂತನೂ ತಿಳೀತು. ನಾ ಹೆದರ್ತೇನಿ ಅಂತ ಒಬ್ಬನ ನುಂಗಿಕೊಂಡಿ. ಯಾವ ಅಣ್ಣ ಇಷ್ಟು ಮಾಡ್ತಾನ?"

ಆಮೇಲೆ ಹೊರಗೆ ಬಂದು ಉಡಚವ್ವನ ಮುಂದೆ ಕುಳಿತಳು. "ನನ್ನ ಬ್ಯಾನಿ ನನ್ನ ಕೂಡನ ಹೋಗ್ಲಿ ಯವ್ವಾ. ಬ್ಯಾಡಂದ್ರ ನಾ ಮದುವಿಗೂ ಬರಂಗಿಲ್ಲ. ಹುಡುಗಿನ್ನ ಮಾತ್ರ ಬಿಡಬ್ಯಾಡ್ರಿ."

ನನಗೆ ಜನ್ಮದಲ್ಲಿ ಅಂಥ ಹೊಡೆತ ಯಾರೂ ಕೊಟ್ಟಿರಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ನನ್ನನ್ನು ದೇವರಂಥ ಅಣ್ಣ ಎಂದುಕೊಂಡು ಸಾಯಲು ಸಿದ್ಧವಾಗಿ ಕುಳಿತಿದ್ದಳು.

"ಅದು ಆಕಿದಲ್ಲ," ಎಂದೆ. "ಬೆಕ್ಕಿಂದು."

ಶೀಸೆ ತೊಳೆದದ್ದು, ತಗಡು ಹಾಸಿದ್ದು, ಹೆಸರು ಹೇಳಿದ್ದು, ಎಲ್ಲವನ್ನೂ ಹೇಳಿದೆ. ಹೇಳಿದಷ್ಟೂ ನನಗೇ ಅದು ಸುಳ್ಳಿನಂತೆ ಕೇಳಿಸಿತು.

ಉಳಿವೆಪ್ಪ ತಲೆ ಅಲ್ಲಾಡಿಸಿದ. "ಸುಳ್ಳು ಹೇಳೋದಿದ್ರ ಛಲೋ ಸುಳ್ಳು ಹೇಳ್ರಿ ಬೀಗರ. ಬೆಕ್ಕಿಗೆ ಯಾವ ಸಿಹಿಮೂತ್ರ?"

ನಾನು ಕಾಳಿನ ಕೋಣೆಗೆ ಹೋಗಿ ಬೂದ್ಯಾನನ್ನು ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಕುಳಿತೆ. ಅವನು ನನ್ನ ತೊಡೆಯ ಮೇಲೆ ತೊಯ್ದ ಅರಿವೆಯ ಹಾಗೆ ಬಿದ್ದುಕೊಂಡ. ಉಡಚವ್ವ ಅವನನ್ನೂ ನನ್ನನ್ನೂ ನೋಡಿದಳು. ಆಮೇಲೆ ಎದ್ದು ನಿಂತು, "ಇದರಾಗ ಜಗಳ ಯಾಕ? ಇರಿವಿಗೆ ಕೇಳಿದ್ರಾತು," ಎಂದು ನನ್ನ ತಂಗಿಯ ಕೈ ಹಿಡಿದಳು.

ಸಾವಂತ್ರವ್ವನಿಗೆ ಅರ್ಥವಾಯಿತು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಅವಳ ಹಿಂದೆ ಹಿತ್ತಿಲಿಗೆ ಹೋದಳು. ನಲವತ್ತು ದಾಟಿದ ಹೆಂಗಸು, ಬೀಗತಿಯಾಗುವವಳ ಕಣ್ಣೆದುರು ಹಿತ್ತಿಲ ಕಲ್ಲಿನ ಮೇಲೆ ಕುಳಿತು ತನ್ನ ಮೈಯ ಸಾಕ್ಷಿ ಕೊಡಬೇಕಾಯಿತು. ಅಡಿಗೆ ಮನೆಯ ಬಾಗಿಲಲ್ಲಿ ಶಾರವ್ವ ನಿಂತಿದ್ದಳು. ಅವ್ವನನ್ನು ಯಾಕೆ ಕರೆದೊಯ್ದರು ಎಂದು ಅವಳಿಗೂ ಗೊತ್ತು. ನಾನು ತಲೆ ಎತ್ತಲಿಲ್ಲ.

ಗಂಡಸರಿಬ್ಬರೂ ಇರುವೆಗಾಗಿ ಕಾಯುತ್ತಾ ಕುಳಿತೆವು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತು. ಅಷ್ಟರಲ್ಲಿ ಬೂದ್ಯಾ ನನ್ನ ತೊಡೆಯ ಮೇಲೆಯೇ ಉಚ್ಚೆ ಹೊಯ್ದ. ಧೋತರ ತೊಯ್ದು ನೆಲಕ್ಕೆ ಇಳಿಯಿತು. ನಾನು ಏಳಲಿಲ್ಲ. ಗೋಡೆಯ ಬುಡದಿಂದ ಮೊದಲು ಎರಡು ಇರುವೆ ಬಂದವು, ಆಮೇಲೆ ಸಾಲು. ನೆಲ ಬಿಟ್ಟು ಧೋತರಕ್ಕೆ ಹತ್ತಿದವು, ತೊಡೆಗೆ ಕಚ್ಚಿದವು. ಉಳಿವೆಪ್ಪ ಬಾಗಿ ನೋಡಿ ರುಮಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡ. ಹಿತ್ತಿಲಿಂದ ಉಡಚವ್ವ ಬಂದು, ಅಲ್ಲಿ ಒಂದೂ ಇರುವೆ ಇಲ್ಲ ಎಂದಳು.

"ಈ ಮಾತು ಮಾಸೂರಾಗ ನಾ ಹೆಂಗ ಹೇಳ್ಲಿ?" ಎಂದ ಉಳಿವೆಪ್ಪ.

"ಇದ್ದದ್ದು ಇದ್ದಂಗ ಹೇಳ್ರಿ," ಎಂದೆ. "ನನ್ನ ಹೆಸರು ಹಿಡಿದು ಹೇಳ್ರಿ."

ಅವರು ವೀಳ್ಯದ ಮಾತು ಗಟ್ಟಿ ಮಾಡಿಕೊಂಡು ಹೋದರು. ಸಾವಂತ್ರವ್ವ ಕೊಡ ತಂದು ನೆಲ ತೊಳೆದಳು. ತೊಳೆಯುತ್ತಾ ನನ್ನ ಕಡೆ ನೋಡದೆ ಕೇಳಿದಳು: "ಬೆಕ್ಕಿಗೆ ಜಡ್ಡಾಗೇತಿ ಅಂತ ನನ್ನ ಮುಂದ ಹೇಳಿದ್ರ ನಾ ನಗ್ತಿದ್ನೇನು?"

ಅವಳು ನಗುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಮರುದಿನ ಬೂದ್ಯಾನನ್ನು ಬುಟ್ಟಿಯಲ್ಲಿಟ್ಟುಕೊಂಡು, ಮುಚ್ಚದೆ, ಬಸ್ಸಿನಲ್ಲಿ ಹಾನಗಲ್ಲಿಗೆ ಒಯ್ದೆ. ಕಟ್ಟೆಯ ಮೇಲಿದ್ದವರೆಲ್ಲ ಕೇಳುವಂತೆ ಡಾಕ್ಟರರಿಗೆ ನಿಜ ಹೇಳಿದೆ. ಅವರು ಚೆನ್ನಾಗಿ ಬೈದರು, ಬೈಸಿಕೊಂಡೆ. ಬೈದು ಮುಗಿದ ಮೇಲೆ ಬೂದ್ಯಾನ ಹಲ್ಲು ನೋಡಿದರು, ಹೊಟ್ಟೆ ಮುಟ್ಟಿದರು. ಬೆಕ್ಕಿಗೆ ಎಷ್ಟು ಸೂಜಿ ಮಾಡಬೇಕೆಂದು ತಮಗೆ ಗೊತ್ತಿಲ್ಲ, ಹೆಚ್ಚಾದರೆ ಅಲ್ಲಿಯೇ ಸಾಯುತ್ತದೆ, ಮುಪ್ಪಾಗಿದೆ, ಕುಡಿಯುವಷ್ಟು ನೀರು ಕೊಟ್ಟು ಬೆಚ್ಚಗೆ ಇಡು ಎಂದರು.

ಹದಿನೇಳು ದಿನ ಬದುಕಿದ. ನಾನು ಹೇಳದಿದ್ದರೂ ಸಾವಂತ್ರವ್ವ ಅವನ ತಲೆ ಹಿಡಿಯುತ್ತಿದ್ದಳು, ನಾನು ಅರಳೆ ಅದ್ದಿ ಬಾಯಿಗೆ ನೀರು ಹಿಂಡುತ್ತಿದ್ದೆ. ನೀರು, ಅರಳೆ, ಸಾಕು, ಇಷ್ಟೇ ಮಾತು ನಮ್ಮಿಬ್ಬರ ನಡುವೆ. ಅವನು ಸತ್ತ ದಿನ ಹಿತ್ತಿಲಲ್ಲಿ ಕುಣಿ ತೋಡುವಾಗ ಅತ್ತೆ. ಅವಳು ನೋಡಿದಳು, ಸಮಾಧಾನ ಹೇಳಲಿಲ್ಲ. ಕೇಳುವ ಹಕ್ಕು ನನಗೂ ಇರಲಿಲ್ಲ. ಊರಿನಲ್ಲಿ ನನ್ನನ್ನು ಕಂಡರೆ ಮಿಯಾಂವ್ ಎನ್ನುತ್ತಿದ್ದರು. ತಿರುಗಿ ಬೈಯದೆ ನಡೆದು ಹೋಗುತ್ತಿದ್ದೆ.

ಫಾಲ್ಗುಣದಲ್ಲಿ ಮದುವೆ ನಮ್ಮ ಮನೆಯ ಮುಂದೆಯೇ ಆಯಿತು. ಮಾಸೂರಿನವರಿಗೆ ಹೋಳಿಗೆ ಊಟ. ನಾನು ತುಪ್ಪ ಬಡಿಸುತ್ತಿದ್ದೆ. ಹೆಂಗಸರ ಪಂಕ್ತಿಯಲ್ಲಿ ಒಬ್ಬಾಕೆ, ಬೀಗತಿಯೂ ನಮ್ಮ ಕೂಡ ಕುಳಿತು ಉಣ್ಣಲಿ ಎಂದಳು. ಉಪಚಾರದ ಮಾತೇ, ಆದರೆ ಉಳಿದವರ ಕೈಗಳು ಎಲೆಯ ಮೇಲೆ ನಿಂತವು. ಸಾವಂತ್ರವ್ವನಿಗೆ ಚಿಕ್ಕಂದಿನಿಂದಲೂ ಸಿಹಿ ಸೇರದು. ಅವಳು ಕುಳಿತು ಒಂದು ಹೋಳಿಗೆ ತಿಂದಳು, ಎರಡನೆಯದು ತಿಂದಳು, ಮೂರನೆಯದನ್ನು ಕೇಳಿ ಹಾಕಿಸಿಕೊಂಡಳು. ತುಪ್ಪ ಹಾಕಲು ನಾನು ಬಾಗಿದಾಗಲೂ ಮುಖ ಎತ್ತಲಿಲ್ಲ. ಯಾರೋ ಅವಳ ಪಕ್ಕಕ್ಕೆ ತುಂಬಿದ ತಂಬಿಗೆ ಇಟ್ಟರು. ಸಿಹಿಮೂತ್ರದವರು ನೀರು ಬಹಳ ಕುಡಿಯುತ್ತಾರೆ ಎಂದು ಎಲ್ಲರಿಗೂ ಗೊತ್ತು, ಎಲ್ಲರ ಕಣ್ಣು ಆ ತಂಬಿಗೆಯ ಮೇಲಿತ್ತು. ಅವಳು ಎರಡೇ ಗುಟುಕು ಕುಡಿದು ಕೆಳಗಿಟ್ಟಳು. ಸೇರದ ಸಿಹಿಯನ್ನು ಅಷ್ಟು ತಿಂದವಳ ಬಾಯಾರಿಕೆ ಇನ್ನೂ ಹೋಗಿರಲಿಲ್ಲ. ಅದು ನನಗೆ ಕಂಡಿತು.