ಕೂಗಿಗಾಗಿ ಕಾಯುವ ನಂಬರು

ಮೋಡೆಮ್ಮುಗಳ ಕಾಲದ ಈ ಕತೆಯನ್ನು ನಾನು ಮೂವರ ಬಾಯಿಂದ ಕೇಳಿದ್ದೇನೆ: ಟೆಲಿಫೋನಿನ ಒಬ್ಬ ಲೈನ್‌ಮನ್, ಹೆರಿಗೆ ಆಸ್ಪತ್ರೆಯ ಒಬ್ಬ ನರ್ಸು, ಹಳೆಯ ಯಂತ್ರಗಳನ್ನು ಕೊಳ್ಳುವ ಒಬ್ಬ ಗುಜರಿ ವ್ಯಾಪಾರಿ. ಲೈನ್‌ಮನ್ ಇದನ್ನು ದೆವ್ವದ ಕತೆಯೆಂದೇ ಆರಂಭಿಸುತ್ತಾನೆ. ನರ್ಸು ದೆವ್ವದ ಮಾತೆತ್ತುವುದಿಲ್ಲ. ಗುಜರಿಯವನು ಅರ್ಧಕ್ಕೆ ನಿಲ್ಲಿಸಿ ಬೇರೆ ವಿಷಯಕ್ಕೆ ಹೋಗಿಬಿಡುತ್ತಾನೆ. ಹೇಳಿಕೆಗಳು ಬೇರೆಯಾದ ಕಡೆ ನರ್ಸಿನ ಮಾತನ್ನೇ ಇಲ್ಲಿ ಅನುಸರಿಸಿದ್ದೇನೆ. ಕೊನೆಗೆ ಆ ಫೋನಿನ ಪಕ್ಕದಲ್ಲಿ ನಿಂತಿದ್ದವಳು ಆಕೆ.

ಟೆಲಿಫೋನ್ ತಂತಿಯ ಮೂಲಕ ಮನೆಗಳಿಗೆ ಇಂಟರ್ನೆಟ್ ಕೊಡುತ್ತಿದ್ದ ಒಂದು ಸಣ್ಣ ಕಂಪನಿ. ಅದನ್ನು ನಡೆಸುತ್ತಿದ್ದವನು ಒಬ್ಬ ಭಾವ. ಅವನ ಕೈಕೆಳಗೆ ದುಡಿಯುತ್ತಿದ್ದವನು ಅವನ ಹೆಂಡತಿಯ ತಮ್ಮ. ಮನೆಮನೆಗೆ ಹೋಗಿ ಕಂಪ್ಯೂಟರಿಗೆ ತಂತಿ ಜೋಡಿಸಿ ಬರುತ್ತಿದ್ದ ಈ ತಮ್ಮನನ್ನು ಗಿರಾಕಿಗಳು ಕನೆಕ್ಷನ್ನಣ್ಣ ಎಂದು ಕರೆಯುತ್ತಿದ್ದರು. ಮಹಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಮರದ ಹಲಗೆಗಳ ಮೇಲೆ ಸಾಲುಸಾಲಾಗಿ ಮೋಡೆಮ್ಮುಗಳು, ಪ್ರತಿಯೊಂದರ ಮುಖದಲ್ಲೂ ಕೆಂಪು ದೀಪಗಳು. ಅವುಗಳ ಕಾವು ಎಷ್ಟಿತ್ತೆಂದರೆ, ಬಿಸಿಲಿಲ್ಲದ ದಿನಗಳಲ್ಲಿ ಅಕ್ಕ ಒದ್ದೆ ಬಟ್ಟೆಯನ್ನು ತಂದು ಅಲ್ಲೇ ಹರವುತ್ತಿದ್ದಳು. ಭಾವ ಬೈಯುತ್ತಿದ್ದ, ಅವಳು ಹರವುತ್ತಿದ್ದಳು.

ಅಷ್ಟೂ ಮೋಡೆಮ್ಮುಗಳಿಗೆ ಹೊರಗಿನಿಂದ ಒಂದೇ ನಂಬರು. ಮೊದಲ ಲೈನು ತುಂಬಿದ್ದರೆ ಕರೆ ತಾನಾಗಿ ಎರಡನೆಯದಕ್ಕೆ, ಅದೂ ತುಂಬಿದ್ದರೆ ಮುಂದಿನದಕ್ಕೆ ಸರಿಯುತ್ತಿತ್ತು. ಒಂದೇ ಅಂಕಿ ಮತ್ತೆ ಮತ್ತೆ ಬರುವ ನಂಬರಾದ್ದರಿಂದ ಅದು ಊರಿಗೆಲ್ಲ ಬಾಯಿಪಾಠವಾಗಿತ್ತು. ಮಕ್ಕಳು ಹಗ್ಗ ಹಾರುವಾಗ ಎಣಿಕೆಯ ಬದಲು ಅದನ್ನೇ ಹೇಳುತ್ತಿದ್ದರಂತೆ.

ಈ ಯಂತ್ರಗಳ ನಡುವೆ ಒಂದು ಕ್ರಮವಿತ್ತು. ಮನೆಯ ಕಂಪ್ಯೂಟರ್ ಪೆಟ್ಟಿಗೆ ನಂಬರು ಒತ್ತಿ ಕರೆ ಮಾಡುತ್ತದೆ. ಕಂಪನಿಯ ಮೋಡೆಮ್ಮು ಕರೆಯನ್ನೆತ್ತಿಕೊಂಡು ಕೀರಲು ದನಿಯಲ್ಲಿ ಮೊದಲು ಕೂಗಬೇಕು. ಆ ಕೂಗು ಕಿವಿಗೆ ಬಿದ್ದ ಮೇಲೆಯೇ ಮನೆಯ ಪೆಟ್ಟಿಗೆ ತಿರುಗಿ ಕೂಗುತ್ತದೆ, ಆಮೇಲೆ ಎರಡಕ್ಕೂ ಮಾತು ಕೂಡುತ್ತದೆ. ಅಲ್ಲಿಯವರೆಗೆ ಕರೆ ಮಾಡಿದ ಪೆಟ್ಟಿಗೆ ಸುಮ್ಮನೆ ಕಾಯುತ್ತದೆ.

ಒಳ್ಳೆಯ ದಿನಗಳಲ್ಲಿ ಸಂಜೆಯಾದರೆ ಲೈನುಗಳೆಲ್ಲ ತುಂಬಿ, ಕರೆ ಮಾಡಿದವರಿಗೆ ಎಂಗೇಜ್ ಸದ್ದೇ ಗತಿಯಾಗುತ್ತಿತ್ತು. ನಿಮ್ಮ ನಂಬರಿಗಿಂತ ದೇವರೇ ಬೇಗ ಸಿಗುತ್ತಾನೆ ಎಂದು ಗಿರಾಕಿಗಳು ಕನೆಕ್ಷನ್ನಣ್ಣನನ್ನು ಬೀದಿಯಲ್ಲೇ ತಡೆದು ಹಂಗಿಸುತ್ತಿದ್ದರು. ರೋಸಿಹೋದ ಅವನು ಒಂದು ಚಿಕ್ಕ ಪ್ರೋಗ್ರಾಮು ಬರೆದ. ಲೈನು ಸಿಗದಿದ್ದರೆ ಅದು ತಾನಾಗಿ ಮತ್ತೆ ಕರೆ ಮಾಡುತ್ತಿತ್ತು, ಸಿಗುವ ತನಕ ಬಿಡುತ್ತಿರಲಿಲ್ಲ. ಬೆಳಗ್ಗೆ ಮನೆಯವರು ಏಳುವುದರೊಳಗೆ ಇ-ಮೇಲ್ ಪತ್ರಗಳನ್ನು ತಂದಿಟ್ಟಿರುತ್ತಿತ್ತು. ಅದಕ್ಕೆ ಅವನಿಟ್ಟ ಹೆಸರು ಹಠಮಾರಿ. ಹೋದ ಮನೆಯಲ್ಲೆಲ್ಲ ಅದನ್ನು ತುಂಬಿ, ಪರದೆ ಬೇಕಾದರೆ ಆರಿಸಿ, ಪೆಟ್ಟಿಗೆಯನ್ನು ಮಾತ್ರ ಆರಿಸಬೇಡಿ ಎಂದು ಹೇಳಿ ಬರುತ್ತಿದ್ದ. ಜನ ಆ ಮಾತನ್ನು ವೈದ್ಯರ ಪಥ್ಯದಂತೆ ಪಾಲಿಸಿದರು.

ಆಮೇಲೆ ದೊಡ್ಡ ಕಂಪನಿಯೊಂದು ಬೀದಿಗಳನ್ನು ಅಗೆದು ದಪ್ಪ ಕೇಬಲ್ ಹೂಳಿತು. ನಂಬರು ಒತ್ತುವ ಕೆಲಸವಿಲ್ಲ, ಕಾಯುವ ಕೆಲಸವಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಮಹಡಿ ಹತ್ತಿ ಬಂದು, ಗೊತ್ತಾದ ಸಂಬಂಧ ಮುರಿಯಲು ಬಂದವರಂತೆ ಕುರ್ಚಿಯ ತುದಿಯಲ್ಲಿ ಕೂತು, ಮೊದಲು ಮಳೆ-ಬಿಸಿಲಿನ ಮಾತಾಡಿ, ಆಮೇಲೆ ಕನೆಕ್ಷನ್ ಬೇಡವೆಂದು ಹೇಳಿ ಹೋದರು. ಕೋಣೆಯ ಫ್ಯಾನುಗಳು ಒಂದೊಂದಾಗಿ ನಿಂತವು. ಅಕ್ಕ ಬಟ್ಟೆ ಹರವುವುದನ್ನು ಬಿಟ್ಟಳು. ಅಲ್ಲಿ ಈಗ ಬಟ್ಟೆ ಒಣಗುತ್ತಿರಲಿಲ್ಲ.

ಆದರೆ ದೀಪಗಳು ಪೂರ್ತಿ ಆರಲಿಲ್ಲ. ಗಿರಾಕಿ ಹೋದರೂ ಅವನ ಹಳೆಯ ಪೆಟ್ಟಿಗೆ ಮೂಲೆಯಲ್ಲಿ ಬಟ್ಟೆ ಹೊದ್ದು ಚಾಲೂ ಇದ್ದೇ ಇತ್ತು. ಅದು ಕರೆ ಮಾಡುತ್ತಿತ್ತು. ಲೆಕ್ಕ ಮುಗಿದ ಗಿರಾಕಿಯೆಂದು ಈ ಕಡೆಯ ಯಂತ್ರ ಅದನ್ನು ತಳ್ಳಿಹಾಕುತ್ತಿತ್ತು. ತಳ್ಳಿಸಿಕೊಂಡ ಹಠಮಾರಿ ಮತ್ತೆ ಕರೆ ಮಾಡುತ್ತಿತ್ತು. ಭಾವ ಆ ಮಿನುಗುವ ದೀಪಗಳ ಎದುರು ಕುರ್ಚಿ ಹಾಕಿಕೊಂಡು ಕೂರಲು ಶುರುಮಾಡಿದ.

"ನೋಡೋ, ಎಷ್ಟು ಜನ ಇನ್ನೂ ನಮ್ಮನ್ನ ಬಿಟ್ಟಿಲ್ಲ," ಎಂದ ಒಂದು ದಿನ. "ಹೊಸದರ ಮೋಹ ಇಳೀಲಿ. ಬರ್ತಾರೆ."

ಆ ದೀಪಗಳ ಹಿಂದೆ ಜನರಿಲ್ಲವೆಂದು ಕನೆಕ್ಷನ್ನಣ್ಣನಿಗೆ ಗೊತ್ತಿತ್ತು. ಅವನು ಹೇಳಲಿಲ್ಲ. ಅದೇ ದಿನಗಳಲ್ಲಿ ಅಕ್ಕನಿಗೆ, ಮದುವೆಯಾಗಿ ಬಹಳ ವರ್ಷಗಳ ಮೇಲೆ, ಗರ್ಭ ನಿಂತಿತ್ತು. ಭಾವ ಎರಡೂ ಸಂತೋಷಗಳನ್ನು ಒಟ್ಟಿಗೆ ಕಟ್ಟಿಕೊಂಡು ಓಡಾಡುತ್ತಿದ್ದ. ಒಂದನ್ನು ಬಿಚ್ಚಲು ತಮ್ಮನಿಗೆ ಕೈ ಬರಲಿಲ್ಲ.

ಅಕ್ಕನಿಗೆ ಐದು ತುಂಬುವ ಹೊತ್ತಿಗೆ ಕಂಪನಿ ಮುಚ್ಚಿತು. ಭಾವ ಆ ದೊಡ್ಡ ಕಂಪನಿಯಲ್ಲೇ ಕೆಲಸಕ್ಕೆ ಸೇರಿ, ಬಾಗಿಲು ಬಾಗಿಲು ತಿರುಗಿ ಕೇಬಲ್ ಮಾರತೊಡಗಿದ. ಕೆಳಗಿನ ಮಹಡಿಯಲ್ಲಿ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರಮ್ಮ, ಬಾಯಿಪಾಠವಿರುವ ಆ ನಂಬರನ್ನು ಆಸ್ಪತ್ರೆಗೆ ಬಿಟ್ಟುಕೊಡಿ, ಅವಸರದಲ್ಲಿ ಜನಕ್ಕೆ ಥಟ್ಟನೆ ನೆನಪಾಗುತ್ತದೆ ಎಂದು ಕೇಳಿದರು. ಭಾವ ಖುಷಿಯಿಂದ ಒಪ್ಪಿದ. ತನ್ನ ನಂಬರು ಒಳ್ಳೆಯ ಮನೆ ಸೇರಿತೆಂದು ನಾಲ್ಕು ಜನರಲ್ಲಿ ಹೇಳಿಕೊಂಡ. ಕನೆಕ್ಷನ್ನಣ್ಣ ಆಗಲೂ ಬಾಯಿ ಬಿಡಲಿಲ್ಲ. ಬಿಟ್ಟರೆ, ಇಷ್ಟು ದಿನ ನೀವು ನೋಡುತ್ತ ಕೂತಿದ್ದು ಖಾಲಿ ಪೆಟ್ಟಿಗೆಗಳನ್ನು ಎಂದೂ ಹೇಳಬೇಕಾಗುತ್ತಿತ್ತು. ಎಷ್ಟು ದಿನ ಕರೆದಾವು, ತಾವಾಗಿ ನಿಂತಾವು ಎಂದು ಸಮಾಧಾನ ಮಾಡಿಕೊಂಡ. ಅವು ನಿಲ್ಲದಂತೆ ಬರೆದವನು ಅವನೇ.

ಈಗ ಆ ನಂಬರಿನ ಹಿಂದೆ ಇದ್ದದ್ದು ಒಂದೇ ಲೈನು. ಆಸ್ಪತ್ರೆಯ ಫೋನು ಹಗಲೆಲ್ಲ ಹೊಡೆದುಕೊಳ್ಳತೊಡಗಿತು. ನರ್ಸು ಎತ್ತಿ ಹಲೋ ಎಂದರೆ ಆ ಕಡೆ ಮಾತಿಲ್ಲ. ತಂತಿ ಸತ್ತ ನಿಶ್ಶಬ್ದವಲ್ಲ ಅದು. ಯಾರೋ ಕಿವಿಗೊಟ್ಟು ನಿಂತಂಥ ನಿಶ್ಶಬ್ದ. ಇಟ್ಟರೆ ಮತ್ತೆ ಹೊಡೆದುಕೊಳ್ಳುತ್ತಿತ್ತು. ಲೈನ್‌ಮನ್‌ನ ಹೇಳಿಕೆಯಲ್ಲಿ ಈ ಭಾಗ ಬಹಳ ಉದ್ದ: ಬಾಣಂತಿಯಾಗಿ ಸತ್ತವಳು ಕರೆ ಮಾಡುತ್ತಾಳೆಂದರಂತೆ, ಹುಟ್ಟದ ಕೂಸೆಂದರಂತೆ, ಆಯಾಗಳು ಫೋನಿನ ಹತ್ತಿರ ಗುಡಿಸಲು ಒಪ್ಪಲಿಲ್ಲವಂತೆ. ನರ್ಸು ಹೇಳಿದ್ದು ಇಷ್ಟೇ: ಒಂದು ದಿನ ಬೇಸತ್ತು ಅವಳು ರಿಸೀವರಿನೊಳಗೆ ಜೋರಾಗಿ ಕಿರುಚಿದಳು. ಆ ಕಡೆಯಿಂದ ಯಾವುದೋ ತಿರುಗಿ ಕಿರುಚಿತು. ಅಂದಿನಿಂದ ಅವಳು ಎರಡು ಕೈಯಲ್ಲಿ ಫೋನು ಹಿಡಿದು, ಕಿವಿಯಿಂದ ದೂರವಿಟ್ಟು ಮಾತಾಡುತ್ತಿದ್ದಳು.

ನಿಜವಾದ ಕರೆಗಳು ಒಳಗೆ ಬರಲಾರದೆ ಹೋದವು. ಒಬ್ಬ ಗಂಡ ನಂಬರು ಒತ್ತಿ ಒತ್ತಿ ಸೋತು, ನೋವು ತಿನ್ನುತ್ತಿದ್ದ ಹೆಂಡತಿಯನ್ನು ತರಕಾರಿಯ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಂದ. ಆ ಸುದ್ದಿ ಕನೆಕ್ಷನ್ನಣ್ಣನಿಗೆ ತಲುಪಿತು. ಅಕ್ಕನಿಗೆ ಆಗ ಎಂಟನೆಯ ತಿಂಗಳು, ಅವಳ ಹೆಸರು ಬರೆಸಿದ್ದು ಇದೇ ಆಸ್ಪತ್ರೆಯಲ್ಲಿ. ಕಂಪನಿ ಮುಚ್ಚಿದ ಮೇಲೆ ಅವರು ಹೋಗಿ ಸೇರಿದ ಮನೆ ಇದ್ದದ್ದು ಊರಿನ ಅಂಚಿನ ಗೋದಾಮುಗಳ ನಡುವೆ, ಹಗಲಲ್ಲಿ ಅಕ್ಕಪಕ್ಕ ಯಾರೂ ಇರುವುದಿಲ್ಲ, ಆಸ್ಪತ್ರೆಯ ವ್ಯಾನು ಬರಬೇಕಾದರೆ ಫೋನೇ ದಾರಿ. ಅವನು ಡಾಕ್ಟರಮ್ಮನ ಎದುರು ನಿಂತು ಎಲ್ಲವನ್ನೂ ಹೇಳಿದ. ಹೊಸ ನಂಬರಿಗೆ ಅರ್ಜಿ ಹೋಯಿತು. ಟೆಲಿಫೋನ್ ಆಫೀಸು ಆಗಲಿ ನೋಡೋಣ ಎಂದಿತು.

ಅಷ್ಟರೊಳಗೆ ಹಠಮಾರಿಗಳನ್ನು ತಾನೇ ಕೊಲ್ಲುವೆನೆಂದು ಅವನು ಹೊರಟ. ತಂತಿ ಎಳೆದ ಮನೆಗಳೆಲ್ಲ ಅವನ ಕಾಲಿಗೆ ನೆನಪಿದ್ದವು. ಒಂದು ಮನೆಯಲ್ಲಿ ಪೆಟ್ಟಿಗೆಯ ಮೇಲೆ ಹೂದಾನಿ, ಇನ್ನೊಂದರಲ್ಲಿ ಇಸ್ತ್ರಿ ಬಟ್ಟೆಯ ರಾಶಿ. ನಿವೃತ್ತ ಹೆಡ್‌ಮಾಸ್ತರರೊಬ್ಬರ ಮನೆಯಲ್ಲಿ ಪೆಟ್ಟಿಗೆಯ ಬೆಚ್ಚನೆಯ ಬೆನ್ನಿಗೆ ಒರಗಿ ಬೆಕ್ಕು ಮರಿ ಹಾಕಿತ್ತು. ಅವನು ಪ್ಲಗ್ಗು ಕಿತ್ತಾಗ ಮಾಸ್ತರರಿಗೆ ಸಿಟ್ಟೇ ಬಂತು.

"ಆರಿಸಬೇಡಿ ಅಂತ ಹೇಳಿದ್ದು ನೀನೇ ಅಲ್ವೇನಪ್ಪ?"

"ಹೌದು ಮೇಷ್ಟ್ರೇ. ಈಗ ಆರಿಸಿ ಅಂತ ಹೇಳೋಕೂ ನಾನೇ ಬಂದಿದ್ದೀನಿ."

"ಮರಿಗಳಿಗೆ ಏನು ಮಾಡ್ತೀಯ?"

ಅವನು ತನ್ನ ಹೆಗಲಿನ ಟವೆಲು ಹೊದಿಸಿ ಬಂದ.

ಕರೆಗಳು ಇಳಿದವು. ಕೊನೆಗೆ ಅವನ ನೆನಪಿನಲ್ಲಿ ಉಳಿದದ್ದು ಒಂದೇ ಮನೆ, ಬಟ್ಟೆ ವ್ಯಾಪಾರಿಯದು. ಸಂಸಾರ ಬೀಗ ಹಾಕಿ ದೂರದ ನೆಂಟರಲ್ಲಿಗೆ ಹೋಗಿತ್ತು. ಕಿಟಕಿಯ ಸಂದಿಯಲ್ಲಿ ಇಣುಕಿದರೆ ಕತ್ತಲಲ್ಲಿ ಹಸಿರು ದೀಪವೊಂದು ಕಾಣುತ್ತಿತ್ತು. ಬೀಗ ಮುರಿಯುವ ಧೈರ್ಯ ಅವನಿಗೆ ಬರಲಿಲ್ಲ. ಅದರ ಬದಲು, ಹೊಸ ನಂಬರು ಬರುವ ತನಕ ಹಗಲೆಲ್ಲ ಆಸ್ಪತ್ರೆಯ ಫೋನಿನ ಮುಂದೆ ತಾನೇ ಕೂರುವುದೆಂದು ನಿಶ್ಚಯಿಸಿದ. ಎತ್ತುವುದು, ದನಿ ಬಾರದಿದ್ದರೆ ಆ ಗಳಿಗೆಯೇ ಇಡುವುದು. ಎಷ್ಟು ಬೇಗ ಇಟ್ಟರೆ ಲೈನು ಅಷ್ಟು ಬೇಗ ಖಾಲಿ, ನಿಜವಾದವರು ಅಷ್ಟು ಬೇಗ ಒಳಗೆ ಬಂದಾರು. ಅವನ ಕೈ ಇದರಲ್ಲಿ ಎಷ್ಟು ಪಳಗಿತೆಂದರೆ, ಹಲೋ ಎಂಬ ಮಾತು ಮುಗಿಯುವುದರೊಳಗೆ ರಿಸೀವರು ಕೆಳಗಿಳಿಯುತ್ತಿತ್ತು. ಅಕ್ಕ ನಕ್ಕಳಂತೆ, ನಿನ್ನ ಜತೆ ಮಾತಾಡಬೇಕಾದರೆ ಉಸಿರು ಕಟ್ಟಿ ಓಡಿ ಬರಬೇಕು ಕಣೋ ಎಂದು.

ಆ ದಿನ ಮಧ್ಯಾಹ್ನ ಡಾಕ್ಟರಮ್ಮ ಊಟಕ್ಕೆ ಕೂತಿದ್ದರು, ನರ್ಸು ಹತ್ತಿಯ ಉಂಡೆ ಕಟ್ಟುತ್ತಿದ್ದಳು. ಫೋನು ಬಂತು. ಕನೆಕ್ಷನ್ನಣ್ಣ ಎತ್ತಿದ, ನಿಶ್ಶಬ್ದ, ಇಟ್ಟ. ಬಟ್ಟೆ ವ್ಯಾಪಾರಿಯ ಮನೆಯದು ಎಂದು ನರ್ಸಿಗೆ ಹೇಳಿದ. ಮತ್ತೆ ಬಂತು. ಇಟ್ಟ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂತು. ಇಂದು ಇದಕ್ಕೆ ಹುಚ್ಚು ಹಿಡಿದಿದೆ ಎಂದು ನಗುತ್ತಲೇ ಇಟ್ಟನಂತೆ. ಹೀಗೆ ಎಷ್ಟು ಸಲವಾಯಿತೆಂದು ನರ್ಸಿಗೆ ನೆನಪಿಲ್ಲ. ಉಂಡೆಗಳು ತಟ್ಟೆ ತುಂಬಿದ್ದು ನೆನಪಿದೆ.

ಆಮೇಲೆ ಟೆಲಿಫೋನ್ ಆಫೀಸಿನಿಂದ, ಈ ಕತೆ ಹೇಳುವ ಅದೇ ಲೈನ್‌ಮನ್ ಬಂದ, ಹೊಸ ನಂಬರು ಜೋಡಿಸಲು. ಕನೆಕ್ಷನ್ನಣ್ಣ ಅವನಿಗೆ ಸ್ಟೂಲು ಕೊಟ್ಟು, ಮಾತಿಗೆ ಮಾತಾಗಿ, ಬಟ್ಟೆ ವ್ಯಾಪಾರಿಯ ಪೆಟ್ಟಿಗೆ ಮಧ್ಯಾಹ್ನದಿಂದ ಪ್ರಾಣ ತಿನ್ನುತ್ತಿದೆ ಎಂದ.

"ಅವರ ಮನೆಯಿಂದ ಕರೆ ಹೇಗೆ ಬರತ್ತೆ?" ಎಂದ ಲೈನ್‌ಮನ್, ಸ್ಕ್ರೂ ಬಿಚ್ಚುತ್ತ. "ಬಿಲ್ಲು ಕಟ್ಟಿಲ್ಲ ಅಂತ ನಿನ್ನೆ ಸಂಜೆ ನಾನೇ ಆ ಲೈನು ಕಿತ್ತು ಬಂದೆ."

ನರ್ಸು ಹೇಳುವಂತೆ, ಕನೆಕ್ಷನ್ನಣ್ಣ ಫೋನಿನ ಮೇಲೆ ಕೈಯಿಟ್ಟುಕೊಂಡು ಕಾದ. ಈಗ ಅದು ಬಹಳ ಹೊತ್ತು ಸುಮ್ಮನಿತ್ತು. ಕೊನೆಗೆ ಒಮ್ಮೆ ಬಂತು. ಎತ್ತಿದ, ಇಡಲಿಲ್ಲ. ನಿಶ್ಶಬ್ದದ ತಳದಲ್ಲಿ, ಹಲ್ಲು ಕಚ್ಚಿದವರ ಮೂಗಿನಿಂದ ಹೊರಡುವ ಗಾಳಿಯಂಥದೇನೋ ಇತ್ತು. ಅವನು ಅಕ್ಕಾ ಎಂದ. ಆ ಕಡೆಯಲ್ಲಿ ರಿಸೀವರು ನೆಲಕ್ಕೆ ಬಿದ್ದ ಸದ್ದಾಯಿತು.

ವ್ಯಾನು ಹೋಯಿತು. ಹೊತ್ತಿಗೆ ಮುಂಚೆ ಬಂದ ನೋವು. ಅಲೆಯ ಮೇಲೆ ಅಲೆ ಬಂದು ಅವಳ ದನಿಯನ್ನೇ ಹಿಡಿದುಬಿಟ್ಟಿತ್ತು. ಆಸ್ಪತ್ರೆಯಲ್ಲಿ ಫೋನು ಎತ್ತಿದಾಗಲೆಲ್ಲ ಅವಳು ಉಸಿರು ಕೂಡಿಸಿಕೊಳ್ಳುತ್ತಿದ್ದಳು. ಕೂಡುವುದರೊಳಗೆ ಲೈನು ಕಟ್ಟಾಗುತ್ತಿತ್ತು. ಕಣ್ಣು ಕತ್ತಲಾಗಿ ಒಮ್ಮೆ ಬಿದ್ದು, ಎದ್ದು, ಮತ್ತೆ ಒತ್ತಿದ್ದಳು. ಅವಳು ಉಳಿದಳು. ಮಗು ಹುಟ್ಟಿತು, ನೀಲಿಯಾಗಿತ್ತು, ಅಳಲಿಲ್ಲ. ಡಾಕ್ಟರಮ್ಮ ಅದರ ಬೆನ್ನು ಉಜ್ಜಿ, ಬಾಯಿಗೆ ಗಾಳಿಯೂದಿ, ಬಹಳ ಹೊತ್ತಿನ ಮೇಲೆ ಸಣ್ಣದೊಂದು ದನಿ ತೆಗೆಸಿದರು. ಭಾವ ಓಡಿ ಬಂದು ಕೇಳಿದಾಗ ಅವರು, ಬದುಕಿದೆ, ಆದರೆ ಗಾಳಿಯಿಲ್ಲದೆ ಇದ್ದ ಹೊತ್ತು ತಲೆಗೆ ಏನು ಮಾಡಿದೆಯೆಂದು ಈಗ ಯಾರೂ ಹೇಳಲಾರರು, ಬೆಳೆಯಲಿ, ನೋಡೋಣ ಎಂದರು. ಮಗುವಿನ ಮುಷ್ಟಿ ಬಿಗಿದೇ ಇತ್ತು. ಬಿಡಿಸಲು ನೋಡಿದರೆ ಇನ್ನಷ್ಟು ಬಿಗಿಯುತ್ತಿತ್ತು.

ಗುಜರಿಯವನು ಕತೆ ನಿಲ್ಲಿಸುವುದು ಇದಕ್ಕೂ ಮುಂಚೆ. ಲೈನ್‌ಮನ್ ಇಲ್ಲಿಗೆ ಮುಗಿಸುತ್ತಾನೆ. ನರ್ಸಿನ ಹೇಳಿಕೆಯಲ್ಲಿ ಮಾತ್ರ ಇನ್ನೊಂದಿಷ್ಟಿದೆ.

ಭಾವ ಕಾರಿಡಾರಿನಲ್ಲಿ ನಿಂತು, ಅಷ್ಟು ಸಲ ಫೋನು ಎತ್ತಿ ಇಟ್ಟವನು ಯಾರೆಂದು ತನಗೆ ತಿಳಿಯಬೇಕು ಎನ್ನುತ್ತಿದ್ದ. ಕನೆಕ್ಷನ್ನಣ್ಣ, ನಾನೇ ಭಾವ, ಎಂದ. ಎಂದವನು ಆ ದೀಪಗಳ ವಿಷಯವನ್ನೂ ಮೊದಲಿನಿಂದ ಹೇಳಿದ. ಭಾವ, ಹಾಗಾದರೆ ಯಾರೂ ಇರಲಿಲ್ಲವೇ ಎಂದು ಒಮ್ಮೆ ಕೇಳಿ, ಬೆಂಚಿನ ಮೇಲೆ ಕೂತುಬಿಟ್ಟ.

ಕನೆಕ್ಷನ್ನಣ್ಣ ಒಳಗೆ ಹೋಗಿ ಅಕ್ಕನ ಮಂಚದ ಪಕ್ಕ ನಿಂತ. ಅವಳು ಹೊರಗಿನ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು.

"ನಾನು ಅಂತ ಗೊತ್ತಾಗಲಿಲ್ವೇನೋ?"

"ನೀನು ಮಾತಾಡಲಿಲ್ಲವಲ್ಲ ಅಕ್ಕ."

"ಉಸಿರಾಡ್ತಾ ಇದ್ನಲ್ಲೋ," ಎಂದಳು ಅಕ್ಕ, ಮತ್ತು ಮಗುವಿನ ಬಿಗಿದ ಮುಷ್ಟಿಯನ್ನು ತನ್ನ ಬೆರಳುಗಳಲ್ಲಿ ಮುಚ್ಚಿಕೊಂಡು ಗೋಡೆಯ ಕಡೆಗೆ ಹೊರಳಿದಳು.