ಕೊನೆಯ ಟೇಕಿನ ಕಂಬಳಿ

ಮಾರ್ಚ್ ಹದಿನಾಲ್ಕು, ಗುರುವಾರ, ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಭಾವನ ಕೊಲೆ ಮೂರನೇ ಸಲಕ್ಕೆ ಸಿದ್ಧವಾಯಿತು.

ಮುಚ್ಚಿಹೋದ ಮುದ್ರಣಾಲಯದ ಮಹಡಿ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ಯಾವ ನಿರ್ಮಾಪಕನ ಹಂಗೂ ಇಲ್ಲದೆ ಮನೆಮಂದಿಯೇ ಸೇರಿ ಮಾಡುತ್ತಿದ್ದ ಅಪರಾಧದ ಸಿನಿಮಾ. ನಿರ್ದೇಶಕ ತಮ್ಮ, ಧ್ವನಿಗ್ರಹಣ ಅಕ್ಕನದು, ಕೊಲೆಯಾಗುವ ಗುಮಾಸ್ತ ಅಕ್ಕನ ಗಂಡ. ಇಡೀ ತಂಡಕ್ಕೇ ಅವರು ಅಕ್ಕ, ಭಾವ. ಕೊಲೆಗಾರನ ಪಾತ್ರ ವ್ಯಾಯಾಮಶಾಲೆಯ ತರಬೇತುದಾರನದು. ಎಲ್ಲರ ಬಾಯಲ್ಲೂ ಅವನು ಪೈಲ್ವಾನ್. ನೊಣ ಹೊಡೆಯಲೂ ಹಿಂದೆಮುಂದೆ ನೋಡುವ ಆಸಾಮಿ.

ಪೈಲ್ವಾನ್ ಭಾವನನ್ನು ನೆಲಕ್ಕೆ ಕೆಡವಿ ಬಟ್ಟೆಯ ಪಟ್ಟಿಯಿಂದ ಕುತ್ತಿಗೆ ಬಿಗಿಯಬೇಕು. "ಸಾಕು, ಬಿಡು" ಎನ್ನುವುದು ಭಾವನ ಸಂಭಾಷಣೆಯಲ್ಲೇ ಇತ್ತು. ಹಾಗಾಗಿ, ನಿಜವಾಗಿಯೂ ಬಿಡಬೇಕಾಗಿ ಬಂದರೆ ಅಂಗೈಯಿಂದ ಮರದ ನೆಲವನ್ನು ಎರಡು ಸಲ ಬಡಿಯುವುದೆಂದು ಮಾತಾಗಿತ್ತು.

ಎರಡನೇ ಟೇಕಿನಲ್ಲಿ ಪೈಲ್ವಾನನ ಮಂಡಿ ನೆಲಕ್ಕೆ ಬಡಿದ ಸದ್ದು ಸಂಭಾಷಣೆಯನ್ನೇ ನುಂಗಿಹಾಕಿತು.

"ಆನೆ ಕುಣಿದ ಹಾಗಿದೆ," ಎಂದು ಗೊಣಗಿದ ಅಕ್ಕ, ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಕ್ಯಾಮೆರಾಗೆ ಕಾಣದಂತೆ ಹಾಸಿದಳು.

"ಸಾಯೋಕೂ ಹಾಸಿಗೆ ಹಾಕ್ಕೊಟ್ಳಲ್ಲಪ್ಪ ನನ್ ಹೆಂಡ್ತಿ!" ಎಂದ ಭಾವ. ಎಲ್ಲರೂ ನಕ್ಕರು.

"ಆ್ಯಕ್ಷನ್."

ಅಕ್ಕ ಕಣ್ಣು ಮುಚ್ಚಿದಳು. ಅವಳು ಕೆಲಸ ಮಾಡುತ್ತಿದ್ದುದೇ ಹಾಗೆ. ಭಾವನ ಅಂಗಿಯೊಳಗೆ ಅಂಟಿಸಿದ್ದ ಪುಟ್ಟ ಮೈಕು ಎಲ್ಲವನ್ನೂ ಅವಳ ಹೆಡ್‌ಫೋನಿಗೆ ತರುತ್ತಿತ್ತು. ಬಿದ್ದ ಸದ್ದು ಮೆತ್ತಗಿತ್ತು. "ಸಾಕು... ಬಿಡು..." ಆಮೇಲೆ ಗೊರಗೊರ. ಹಿಂದಿನ ಎರಡೂ ಟೇಕಿನಲ್ಲಿ ಆ ಗೊರಗೊರದ ನಡುವೆ ಮೂಗಿನಿಂದ ಸಣ್ಣಗೆ ಉಸಿರೆಳೆಯುವುದು ಕೇಳಿಸಿತ್ತು. ಈಗ ಅದಿಲ್ಲ. ಎದೆಬಡಿತ ಮಾತ್ರ ಓಡುತ್ತಿತ್ತು.

ನಟನೆಯಿರಬಹುದು. ಟೇಕಿನ ನಡುವೆ ತುಟಿ ಬಿಚ್ಚದವಳೆಂದು ಅವಳಿಗೆ ಹೆಸರಿತ್ತು. ಮಾನಿಟರಿನಲ್ಲಿ ಕಣ್ಣು ನೆಟ್ಟಿದ್ದ ತಮ್ಮ. ಅದರಲ್ಲಿ ಕಾಣುತ್ತಿದ್ದುದು ಭಾವನ ಮುಖ ಮಾತ್ರ, ಕೈಯಲ್ಲ.

ಆಗ ದಿಂಬು ತಟ್ಟಿದಂಥ ಸದ್ದು. ಪಟ್. ಪಟ್.

ಅಕ್ಕ ಕಣ್ಣು ತೆರೆದಳು. ಅಂಗೈ ಬಡಿದದ್ದು ಮರಕ್ಕಲ್ಲ. ಕಂಬಳಿ!

"ಬಿಡೋ! ಬಿಡೋ ಅವರನ್ನ!"

"ಅಕ್ಕಾ, ಟೇಕ್ ಹಾಳಾಯ್ತಲ್ಲ!" ತಮ್ಮ ಕಿರುಚಿದ.

ಪೈಲ್ವಾನ್ ಕೈ ಬಿಟ್ಟ. ಪಟ್ಟಿ ಬಿಡಲಿಲ್ಲ. ತಾನಾಗಿ ಸಡಿಲಾಗಬೇಕಿದ್ದ ಜಾರುಗಂಟು, ಭಾವನ ಬಾಯಂಚಿಗೆ ಹಚ್ಚಿದ್ದ ನಕಲಿ ರಕ್ತದ ಸಕ್ಕರೆ ಪಾಕ ಮೆತ್ತಿ ಕಚ್ಚಿಕೊಂಡಿತ್ತು.

"ನಾನು ಬಿಗೀಲೇ ಇಲ್ಲ ಅಕ್ಕ, ನನ್ನಾಣೆ..." ಅವನ ದಪ್ಪ ಬೆರಳುಗಳಿಗೆ ಗಂಟೇ ಸಿಗಲಿಲ್ಲ. ಅಕ್ಕ ಟೇಪು ಕತ್ತರಿಸುವ ಕತ್ತರಿಯನ್ನು ಗಂಡನ ಕಿವಿಯ ಕೆಳಗೆ ತೂರಿಸಿ ಒತ್ತಿದಳು.

ಉಸಿರು ಬಂತು. ಹೆಡ್‌ಫೋನ್ ಇಲ್ಲದೆಯೂ ಕೋಣೆಯ ತುಂಬ ಕೇಳಿಸಿತು.

ಭಾವನ ಪಕ್ಕದಲ್ಲಿ ಕುಸಿದು ಕೂತ ತಮ್ಮ. "ಭಾವ, ಇದನ್ನ ಅಳಿಸಿಬಿಡ್ತೀನಿ."

"ಬೇಡಪ್ಪ," ಭಾವನ ದನಿ ಕೀರಲಾಗಿತ್ತು. "ಇನ್ನೊಂದ್ಸಲ ಸಾಯೋಕೆ ನನ್ ಕೈಲಾಗಲ್ಲ."

ಯಾರೂ ನಗಲಿಲ್ಲ. ಅಕ್ಕನನ್ನು ದೂರಲೂ ಇಲ್ಲ. ಅವಳೇ ಕ್ಯಾಮೆರಾದ ದೂರ ಅಳೆಯುವ ಟೇಪನ್ನು ಎಳೆದುಕೊಂಡು, ಗಂಡನ ಅಂಗೈ ಬಿದ್ದಿದ್ದ ಜಾಗದಲ್ಲೇ ಕಂಬಳಿಯ ಮಡಿಕೆಗೆ ಹಿಡಿದು ನೋಡಿದಳು. ದಪ್ಪ ಮೂವತ್ತೆರಡು ಮಿಲಿಮೀಟರ್.