ಮೈ ತುಂಬಿಸಿದ ಗುಳಿಗೆ

ಮದುವೆಯಾಗಿ ಮೂರನೆಯ ದಿನ. ಮರುಭೂಮಿಯಂಚಿನ ಕೀಫಾ ಊರಿನ ಓಣಿಗಳಲ್ಲಿ ಮದುಮಗನ ಗೆಳೆಯರು ಇನ್ನೂ ಮದುಮಗಳನ್ನು ಹುಡುಕುತ್ತಲೇ ಇದ್ದರು. ಅಲ್ಲಿನ ಪದ್ಧತಿಯಂತೆ ಗೆಳತಿಯರು ಅವಳನ್ನು ಬಚ್ಚಿಡಬೇಕು, ಗಂಡಿನ ಕಡೆಯವರು ಪತ್ತೆ ಮಾಡಬೇಕು. ಎಷ್ಟು ದಿನ ಸಿಗಲಿಲ್ಲವೋ ಹೆಣ್ಣಿನ ಮನೆಗೆ ಅಷ್ಟು ಮರ್ಯಾದೆ. ಅಂಗಳದ ಡೇರೆಯಲ್ಲಿ ಎರಡನೆಯ ಸುತ್ತಿನ ಚಹಾ ಬಗ್ಗಿಸುತ್ತಿದ್ದ ಮದುಮಗಳ ತಾಯಿ ಸಾಲ್ಕಾಳ ಮುಂದೆ ಹುಡುಗರು ಕೈಮುಗಿಯುವುದೊಂದು ಬಾಕಿ.

"ಅತ್ತೆ, ಸಣ್ಣ ಸುಳಿವಾದ್ರೂ ಕೊಡಿ."

"ಹೋಗ್ರೋ! ಕಣ್ಣೆದುರಿನ ಒಂಟೆ ಹುಡುಕೋಕೆ ಬರಲ್ಲ, ನನ್ನ ಮಗಳನ್ನ ಹುಡುಕ್ತಾರಂತೆ!"

ಅವರು ನಗುತ್ತ ಹೊರಟ ಬೆನ್ನಿಗೇ ಮಗಳ ಗೆಳತಿ ಲೆಮಿನಾ ಹಿಂಬಾಗಿಲಿನಿಂದ ಓಡಿಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

"ಚಿಕ್ಕಮ್ಮ, ನಿಮ್ಮ ತೆಸ್ಲೆಮ್ ಏಳ್ತಾನೇ ಇಲ್ಲ. ನಿನ್ನೆಯಿಂದ ಜ್ವರ, ವಾಂತಿ. ಈಗ ಕರೆದ್ರೆ ಕಣ್ಣೂ ಬಿಡ್ತಿಲ್ಲ."

"ನಿನ್ನೆಯಿಂದ? ಹೇಳೋಕೇನಾಗಿತ್ತೇ ನಿಂಗೆ?"

"ಅವಳೇ ತಡೆದ್ಲು. ಆಸ್ಪತ್ರೆಗೆ ಹೋದ್ರೆ ಅವರ ಕೈಗೆ ಸಿಕ್ಕಿಬೀಳ್ತೀವಿ, ಅಮ್ಮನ ಮಾನ ಹೋಗುತ್ತೆ, ಇನ್ನೊಂದು ದಿನ ತಡ್ಕೋತೀನಿ ಅಂದ್ಲು."

ಬಚ್ಚಿಟ್ಟಿದ್ದ ಮನೆಯಿಂದ ಮಗಳನ್ನು ಎತ್ತಿ ತಂದು ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಾಲ್ಕಾ ಹೊರಟಳು. ಮಗಳ ಮೈ ತಣ್ಣಗೆ ಬೆವರುತ್ತಿತ್ತು. ಬಾಲ್ಯದಿಂದ ಬಾಯಿಪಾಠವಾಗಿದ್ದ ಪವಿತ್ರ ವಚನಗಳು ನಡುನಡುವೆ ತುಂಡಾಗಿ, ಸಾಲ್ಕಾ ಮೊದಲ ಪದಕ್ಕೇ ಮತ್ತೆ ಮತ್ತೆ ಹಿಂತಿರುಗುತ್ತಿದ್ದಳು. ಮಾರುಕಟ್ಟೆಯ ತಿರುವಿನಲ್ಲಿ ಹುಡುಗರು ಗಾಡಿಯನ್ನು ಗುರುತಿಸಿದರು. "ಸಿಕ್ಕಿದ್ಲು! ಸಿಕ್ಕಿದ್ಲು!" ಎಂದು ಹಾರನ್ ಬಾರಿಸುತ್ತ, ಕೇಕೆ ಹಾಕುತ್ತ ಆಸ್ಪತ್ರೆಯ ಬಾಗಿಲವರೆಗೂ ಹಿಂಬಾಲಿಸಿದರು. ತೋಳುಗಳ ಮೇಲೆ ಜೋತುಬಿದ್ದ ಮದುಮಗಳನ್ನು ಕಂಡ ಮೇಲೆಯೇ ಅವರ ಬಾಯಿ ಕಟ್ಟಿದ್ದು. ಅರ್ಧ ಗಂಟೆಯೊಳಗೆ ಮದುಮಗನ ತಾಯಿ ನೆಬ್ಗೂಹಾ ಬಂದು ಮಂಚದ ಪಕ್ಕ ನಿಂತಳು.

ಡಾಕ್ಟರ್ ಸಿದಾತಿ ಎರಡು ಸಲ ರಕ್ತದ ಒತ್ತಡ ನೋಡಿದರು. ಸಲೈನ್ ಹರಿಯುತ್ತಿದ್ದರೂ ಅದು ಏರುತ್ತಿರಲಿಲ್ಲ.

"ಹೊಟ್ಟೆಯ ಸಣ್ಣ ಸೋಂಕು ಇದು. ಇಪ್ಪತ್ತರ ಹುಡುಗಿಯನ್ನ ಹೀಗೆ ಕೆಡವಬಾರದು. ಯಾವುದಾದರೂ ಮಾತ್ರೆ ತಗೋತಿದ್ಲಾ?"

"ನನ್ನ ಸೊಸೆಗೆಂಥ ಮಾತ್ರೆ, ಡಾಕ್ಟ್ರೇ?" ನೆಬ್ಗೂಹಾ ಮುಂದೆ ಬಂದಳು. "ಒಂಟೆ ಹಾಲು ಕುಡಿದು ತುಂಬಿಕೊಂಡ ಮೈ ಅದು. ಅದನ್ನ ನೋಡಿಯೇ ನಾವು ತಂದ್ಕೊಂಡಿದ್ದು."

ಸಾಲ್ಕಾ ಮಗಳ ಹಣೆಯ ಬೆವರು ಒರೆಸಿದಳು. ಐದು ತಿಂಗಳ ಹಿಂದೆ ಇದೇ ನೆಬ್ಗೂಹಾ ಹೆಣ್ಣು ನೋಡಿ ಹೋಗುವಾಗ, "ಹುಡುಗಿ ಲಕ್ಷಣವಾಗಿದಾಳೆ, ಆದರೆ ಗಾಳಿ ಬಂದ್ರೆ ಹಿಡ್ಕೋಬೇಕು" ಎಂದು ನಕ್ಕಿದ್ದಳು. ಮರುದಿನವೇ ಸಾಲ್ಕಾ ಮಾರುಕಟ್ಟೆಯ ಹೆಂಗಸೊಬ್ಬಳಿಂದ ಕಾಗದದ ಪೊಟ್ಟಣದಲ್ಲಿ ಹೆಸರಿಲ್ಲದ ಬಿಳಿ ಗುಳಿಗೆಗಳನ್ನು ತಂದಳು. ತಿಂಗಳೊಪ್ಪತ್ತಿನಲ್ಲಿ ಕೆನ್ನೆ ತುಂಬಿತು. "ಅಮ್ಮಾ, ಮುಖ ಬಾತ್ಕೋತಿದೆ, ನಿದ್ದೆ ಬರಲ್ಲ" ಎಂದ ಮಗಳಿಗೆ, "ಚಂದ್ರನ ಹಾಗಾಗ್ತಿದೀಯ ಕಣೇ, ಸುಮ್ನೆ ನುಂಗು" ಎಂದಿದ್ದಳು. ಗೋರಂಟಿ ಹಚ್ಚಿದ ದಿನ, ಇನ್ನೇನು ಕೆಲಸ ಮುಗಿಯಿತೆಂದು, ಉಳಿದವನ್ನು ತಾನೇ ಬಚ್ಚಲಿಗೆ ಸುರಿದಿದ್ದಳು.

ಈಗ ಹೇಳಿದರೆ? ಇಡೀ ಊರು ನಗುತ್ತದೆ. ಮಾರುಕಟ್ಟೆಯಲ್ಲಿ ಕೊಂಡ ಮೈ ಎಂದು ಬೀಗರು ಸೊಸೆಯನ್ನು ಇಲ್ಲೇ ಬಿಟ್ಟುಹೋಗುತ್ತಾರೆ. ಹೇಳದಿದ್ದರೆ?

"ತಾಯಿ," ಡಾಕ್ಟರು ಅವಳತ್ತಲೇ ತಿರುಗಿದರು, "ನನಗೆ ಊಹೆ ಇದೆ. ಆದರೆ ನೀವು ಹೇಳಿದಷ್ಟು ಬೇಗ ನನ್ನ ಕೈ ಓಡುತ್ತೆ."

ದೇವರ ಹೆಸರನ್ನು ಸಾವಿರ ಸಲ ಹೇಳಿದ ನಾಲಿಗೆ ಈ ಒಂದು ಮಾತಿಗೆ ಏಳದೆ ಹೋಯಿತು. ತೆಸ್ಲೆಮ್‌ಳ ತುಟಿ ನೀಲಿಗಟ್ಟುತ್ತಿತ್ತು.

"ಕೊಟ್ಟಿದ್ದೆ," ಎಂದಳು ಸಾಲ್ಕಾ. "ದಪ್ಪ ಆಗೋ ಗುಳಿಗೆ. ನಾಲ್ಕೂವರೆ ತಿಂಗಳು. ಎಂಟು ದಿನದ ಹಿಂದೆ ನಾನೇ ನಿಲ್ಲಿಸಿದೆ."

ಡಾಕ್ಟರು ಅದಾಗಲೇ ಕಪಾಟಿನ ಕಡೆ ಹೋಗಿದ್ದರು. ಸೂಜಿ ಚುಚ್ಚಿ, ಸಲೈನನ್ನು ಜೋರು ಮಾಡಿದ ಮೇಲೆ ಮೆಲ್ಲನೆ ಹೇಳಿದರು.

"ಮೂತ್ರಪಿಂಡದ ಮೇಲೆ ಎರಡು ಸಣ್ಣ ಗ್ರಂಥಿ ಇರ್ತವೆ. ಜ್ವರ, ಭಯ, ಆಯಾಸ, ಏನೇ ಬಂದರೂ ಅವು ಒಂದು ಹಾರ್ಮೋನು ಸುರಿಸಿ ದೇಹವನ್ನ ಎತ್ತಿ ನಿಲ್ಲಿಸ್ತವೆ. ನೀವು ಕೊಟ್ಟ ಗುಳಿಗೆ ಅದೇ ಜಾತಿಯದು, ಅದು ಹೊರಗಿಂದ ಸಿಗ್ತಿದ್ರೆ ಗ್ರಂಥಿಗಳು ಸುರಿಸೋದನ್ನೇ ಬಿಡ್ತವೆ. ಬಾವೀಲಿ ನೀರು ಸೇದೋನಿಗೆ ನಾಲ್ಕು ತಿಂಗಳು ಕೆಲಸ ಬೇಡ ಅಂದ್ರೆ ಹಗ್ಗ ಸುತ್ತಿಟ್ಟು ಮಲಗ್ತಾನೆ. ಒಂದಿನ ಏಕಾಏಕಿ ನೂರು ಒಂಟೆ ಬಾಯಾರಿ ಬಂದು ನಿಂತ್ರೆ?"

"ಬದುಕ್ತಾಳಾ?"

"ದೇವರ ಚಿತ್ತ. ಒತ್ತಡ ಏರಬೇಕು. ಕಾಯಬೇಕು."

ಸಾಲ್ಕಾ ತಲೆಯೆತ್ತಿದಾಗ ನೆಬ್ಗೂಹಾ ಅಲ್ಲಿರಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡಳು. ವಿಚಿತ್ರವೆಂದರೆ, ಆ ನೋವು ಬಂದ ಹಾಗೆಯೇ ಹೋಯಿತು. ಮಗಳ ಉಸಿರನ್ನು ಎಣಿಸುವುದೊಂದೇ ಉಳಿದಿತ್ತು. ಇಳಿಹೊತ್ತಿನ ಅಸರ್ ನಮಾಜಿನ ಕರೆ ಕೇಳಿ ನಿಂತಿತು. ನರ್ಸು ಬಂದು ಒತ್ತಡ ನೋಡಿ, "ಒಂಚೂರು ಏರಿದೆ" ಎಂದಳು. ತೆಸ್ಲೆಮ್ ಇನ್ನೂ ಕಣ್ಣು ತೆರೆದಿರಲಿಲ್ಲ.

ಆಗ ನೆಬ್ಗೂಹಾ ಒಳಬಂದಳು. ಎದುರು ನಿಲ್ಲದೆ ಪಕ್ಕದಲ್ಲೇ ನೆಲದ ಮೇಲೆ ಕುಸಿದು ಕೂತಳು. ಕೈಯಲ್ಲಿ ಫೋನಿತ್ತು, ಕರೆ ಇನ್ನೂ ಕಡಿದಿರಲಿಲ್ಲ.

"ಬೀಗಿತ್ತಿ, ನನ್ನ ಕಿರಿಮಗಳು ಅಗ್ಲಾನಾ... ಮುಂದಿನ ವಾರ ಅವಳ ಮದುವೆ. ನಾನೂ ಅದನ್ನೇ ತಂದುಕೊಟ್ಟಿದ್ದೆ. ಮೊನ್ನೆ ನಿಲ್ಲಿಸಿದೆ." ಅವಳು ಫೋನನ್ನು ಸಾಲ್ಕಾಳತ್ತ ಚಾಚಿದಳು. "ಬೆಳಿಗ್ಗೆ ತಲೆಸುತ್ತು ಅಂದ್ಲು. ಸೋಮಾರಿ ಅಂತ ಬೈದು ಬಂದೆ. ಈಗ ಆಸ್ಪತ್ರೆಗೆ ಬಾ ಅಂದ್ರೆ, ಜನ ಏನಂತಾರೆ, ಬರಲ್ಲ ಅಂತಾಳೆ. ನನ್ನ ಮಾತು ಕೇಳಲ್ಲ."

ಬಾಗಿಲಲ್ಲಿ ಹುಡುಗರೆಲ್ಲ ನಿಂತಿದ್ದರು. ಸಾಲ್ಕಾ ಒಂದು ಕೈಯನ್ನು ಮಗಳ ಎದೆಯ ಮೇಲಿನಿಂದ ತೆಗೆಯದೆ, ಇನ್ನೊಂದರಲ್ಲಿ ಫೋನು ತೆಗೆದುಕೊಂಡಳು. ದನಿ ತಗ್ಗಿಸಲಿಲ್ಲ.

"ಅಗ್ಲಾನಾ, ನಾನು ತೆಸ್ಲೆಮ್‌ಳ ತಾಯಿ ಕಣಮ್ಮಾ. ಅವಳಿಗೆ ಆ ಗುಳಿಗೆ ಕೊಟ್ಟೋಳು ನಾನೇ. ಜನ ಏನಂತಾರೋ ನನ್ನ ಕೇಳಲಿ. ನೀನು ಎದ್ದು ಬಾ."